ಅವರ ಅಪ್ಪಯ್ಯ ಉಂಡದ್ದು

ನನ್ನ ಎಡಗಾಲಿನಲ್ಲಿ ಈಗ ನಾಲ್ಕೇ ಬೆರಳು. ಐದನೆಯದು ಹೇಗೆ ಹೋಯಿತು ಎಂದು ಕೇಳಿದವರಿಗೆಲ್ಲ ಮೊದಮೊದಲು "ಕಲ್ಲು ತಾಗಿ ಹುಣ್ಣಾಗಿತ್ತು" ಎಂದು ಹೇಳುತ್ತಿದ್ದೆ. ಕಲ್ಲು ತಾಗಿದ್ದು ಸುಳ್ಳಲ್ಲ. ಆದರೆ ಎಲ್ಲವನ್ನೂ ಕಲ್ಲಿನ ತಲೆಗೆ ಕಟ್ಟುವುದು ಸರಿಯಲ್ಲ ಎಂದು ಈಗ ಅನ್ನಿಸುತ್ತಿದೆ. ಸಿರಸಿಯಲ್ಲಿ ನಾನು ತಿಂಗಳಿಗೊಮ್ಮೆ ಹೋಗುವ ಆಸ್ಪತ್ರೆಯ ಬೆಂಚಿನ ಮೇಲೆ ಪ್ರತಿಸಲವೂ ಗುರುತಿನವರು ಯಾರಾದರೂ ಸಿಗುತ್ತಾರೆ. ನನ್ನನ್ನು ಕಂಡ ಕೂಡಲೇ ರಿಪೋರ್ಟನ್ನು ಮಡಚಿ ಚೀಲಕ್ಕೆ ಹಾಕಿ, "ಎಂತ ಇಲ್ಲೆ ಭಟ್ರೆ, ಸುಮ್ನೆ ಬಿಪಿ ನೋಡ್ಸಿ ಹೋಪನ ಹೇಳಿ ಬಂದಿದ್ದಿ" ಎನ್ನುತ್ತಾರೆ. ಆ ಮಡಚುವ ಕೈಯ ಅವಸರ ನನಗೆ ಚೆನ್ನಾಗಿ ಗೊತ್ತು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಪುರೋಹಿತ. ಸಿರಸಿ ಪೇಟೆಯಲ್ಲಿ ಬಾಡಿಗೆ ಮನೆ, ಹೆಂಡತಿ ಭಾರತಿ, ಕಾಲೇಜಿಗೆ ಹೋಗುವ ಮಗಳು ಮೇಧಾ. ಸ್ಕೂಟರಿನಲ್ಲಿ ಸಿದ್ದಾಪುರ, ಯಲ್ಲಾಪುರದ ಕಡೆಗೆಲ್ಲ ಹೋಗಿ ಬರುತ್ತೇನೆ. ಮದುವೆ, ಉಪನಯನ ಮಾಡಿಸುವ ಭಟ್ಟರು ಬೇಕಾದಷ್ಟಿದ್ದಾರೆ. ನನ್ನನ್ನು ಹೆಚ್ಚಾಗಿ ಕರೆಯುತ್ತಿದ್ದದ್ದು ಶ್ರಾದ್ಧಕ್ಕೆ, ಅದರಲ್ಲೂ ಬ್ರಾಹ್ಮಣಾರ್ಥಕ್ಕೆ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ತೀರಿಕೊಂಡವರ ಸ್ಥಾನದಲ್ಲಿ ಒಬ್ಬ ಬ್ರಾಹ್ಮಣನನ್ನು ಕೂರಿಸಿ, ಕಾಲು ತೊಳೆದು, ಊಟ ಬಡಿಸುತ್ತಾರೆ. ಅವನು ಉಂಡರೆ ಆ ಮನೆಯವರ ಅಪ್ಪ ಉಂಡಂತೆ. ಊಟದ ನಡುವೆ ಅವನು ಮಾತಾಡಬಾರದು, ಇದು ಬೇಡ ಅದು ಬೇಡ ಎನ್ನಬಾರದು, ಕೊನೆಯಲ್ಲಿ ತೃಪ್ತಿಯಾಯಿತೇ ಎಂದು ಕೇಳಿದಾಗ ಆಯಿತು ಎನ್ನಬೇಕು. ವಡೆ, ಪಾಯಸ, ಎಳ್ಳುಂಡೆ ಇರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಸುಕ್ಕಿನುಂಡೆ. ಬೆಲ್ಲದ ಹೂರಣವನ್ನು ಉಂಡೆ ಕಟ್ಟಿ, ಹಿಟ್ಟಿನಲ್ಲಿ ಅದ್ದಿ, ಎಣ್ಣೆಯಲ್ಲಿ ಕರಿದದ್ದು. ನಾನು ಹೊಟ್ಟೆ ತುಂಬ ಉಣ್ಣುವವನೆಂದು ಹೆಸರಾಗಿತ್ತು. "ಇವು ಕೂತ್ರೆ ಮನೆಯವಕ್ಕೆ ಸಮಾಧಾನ" ಎನ್ನುತ್ತಿದ್ದರು. ಆ ಮಾತು ಕೇಳಿ ನಾನು ಉಬ್ಬುತ್ತಿದ್ದೆ, ಎರಡೂ ಅರ್ಥದಲ್ಲಿ.

ಮೊದಲು ಶುರುವಾದದ್ದು ಪಾದದ ಉರಿ. ಅದನ್ನು ಪಿತ್ತ ಎಂದುಕೊಂಡೆ. ಆಮೇಲೆ ಒಂದು ದಿನ ಯಲ್ಲಾಪುರದ ಕಡೆಯ ಮನೆಯೊಂದರಲ್ಲಿ ಊಟ ಮುಗಿಸಿ ಮಣೆಯಿಂದ ಏಳಲು ಹೋದರೆ ಏಳಲಾಗಲಿಲ್ಲ. ಇಬ್ಬರು ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಅವರ ಅಪ್ಪ ಹಾಗೆ ಏಳುತ್ತಿದ್ದರೋ ಇಲ್ಲವೋ ತಿಳಿಯದು, ಮನೆಯ ಮಕ್ಕಳಂತೂ ತಾಯಂದಿರ ಸೆರಗಿನ ಹಿಂದೆ ನಿಂತು ನಕ್ಕವು. ಆ ವಾರವೇ ಭಾರತಿ ನನ್ನನ್ನು ಆಸ್ಪತ್ರೆಗೆ ಹೊರಡಿಸಿದಳು.

ಆಸ್ಪತ್ರೆಯಲ್ಲಿ ತೂಕದ ಯಂತ್ರ ಇಟ್ಟದ್ದು ಎಲ್ಲರೂ ಕೂತು ಕಾಯುವ ಜಾಗದಲ್ಲೇ. ನರ್ಸು ಬನವಾಸಿ ಕಡೆಯ ಹುಡುಗಿ.

"ಚಪ್ಪಲ್ ತೆಗೀರಿ, ಮ್ಯಾಲೆ ನಿಂದರ್ರಿ" ಎಂದಳು.

ನಾನು ಚಪ್ಪಲಿ ಬಿಟ್ಟೆ, ಶಾಲು ತೆಗೆದೆ, ಆಮೇಲೆ ವಾಚನ್ನೂ ಬಿಚ್ಚಿದೆ.

"ಗಡಿಯಾರ ತೆಗದ್ರ ಏನ್ ಇಳಿತೈತ್ರಿ ಭಟ್ರ, ಸುಮ್ನ ನಿಂದರ್ರಿ" ಎಂದವಳು ಆ ಕಡೆ ಬರೆದುಕೊಳ್ಳುತ್ತಿದ್ದ ಇನ್ನೊಬ್ಬಳಿಗೆ ಕೇಳುವಂತೆ "ನೂರಾ ನಾಲ್ಕು" ಎಂದು ಹೇಳಿದಳು. ಬೆಂಚಿನಲ್ಲಿ ನನ್ನನ್ನು ಶ್ರಾದ್ಧಕ್ಕೆ ಕರೆಸುವ ಯಜಮಾನರ ಮನೆಯವರು ಮೂರು ಜನ ಇದ್ದರು. ಒಬ್ಬರು ಕಿಟಕಿಯ ಕಡೆ ನೋಡಿದರು. ಆ ಔದಾರ್ಯ ಅಂಕಿಗಿಂತ ಹೆಚ್ಚು ನೋಯಿಸಿತು.

ಡಾಕ್ಟರಮ್ಮ ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ರಕ್ತದ ರಿಪೋರ್ಟು ನೋಡಿ, ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆಗಿರಬೇಕು ಎಂದರು. ತೂಕ ಇಳಿಯದೆ ಮಾತ್ರೆಯೊಂದರಿಂದಲೇ ಏನೂ ಆಗದು ಎಂದೂ ಹೇಳಿದರು. ದಿನಕ್ಕೆ ಎಷ್ಟು ಊಟ ಎಂದು ಕೇಳಿದಾಗ ನಾನು "ಒಂದೇ, ಒಪ್ಪತ್ತು" ಎಂದೆ. ಸುಳ್ಳಲ್ಲ. ಬ್ರಾಹ್ಮಣಾರ್ಥಕ್ಕೆ ಕೂರುವವನು ಹಿಂದಿನ ರಾತ್ರಿಯೂ ಆ ರಾತ್ರಿಯೂ ಅನ್ನ ಮುಟ್ಟುವಂತಿಲ್ಲ. ರಾತ್ರಿ ತಿನ್ನುವ ಆರು ದೋಸೆ, ಬೆಲ್ಲ ಕಲಸಿದ ಅವಲಕ್ಕಿ ನಮ್ಮ ಲೆಕ್ಕದಲ್ಲಿ ಫಲಾಹಾರ. ಅವರು ಕೇಳಿದ್ದು ಊಟ. ಡಾಕ್ಟರಮ್ಮನ ಮುಖದಲ್ಲಿ ಗೌರವ ಕಂಡಿತು.

"ನೀವು ತಿಂದದ್ದನ್ನೆಲ್ಲ ಮೂರು ತಿಂಗಳು ಬರೆದಿಡಿ. ದಿನಕ್ಕೆ ಹದಿನೈದು ನೂರು ಕ್ಯಾಲರಿ ದಾಟಬಾರದು" ಎಂದರು.

ಮೇಧಾ ನನ್ನ ಮೊಬೈಲಿಗೆ ಆ್ಯಪ್ ಹಾಕಿಕೊಟ್ಟಳು. ಅದಕ್ಕೆ ಪಿಜ್ಜಾ ಗೊತ್ತಿತ್ತು, ತಂಬುಳಿ ಗೊತ್ತಿರಲಿಲ್ಲ. ಪಾಪ, ಹುಡುಗಿ ಒಂದು ಭಾನುವಾರವಿಡೀ ಕೂತು ತಂಬುಳಿ, ಅಪ್ಪೆಹುಳಿ, ತೆಳ್ಳೇವು ಎಲ್ಲವನ್ನೂ ಅಳೆದು ತೂಗಿ ಅದಕ್ಕೆ ಕಲಿಸಿದಳು. ಭಾರತಿ ಅನ್ನಕ್ಕೆ ಒಂದು ಸೌಟು ಗೊತ್ತು ಮಾಡಿದಳು. ಚಹಾದ ಸಕ್ಕರೆ ನಿಂತಿತು. ದೋಸೆ ಎರಡಕ್ಕೆ ಇಳಿಯಿತು. ಬೆಳಿಗ್ಗೆ ನಾನು ಕೆರೆಯ ಸುತ್ತ ನಡೆಯತೊಡಗಿದೆ. ನಡೆಯುವಾಗ ಸಿಕ್ಕವರಿಗೆಲ್ಲ "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಹೇಳುವುದನ್ನೂ ಶುರುಮಾಡಿದೆ. ಹೇಳುವುದು ನನಗೆ ಮೊದಲಿನಿಂದಲೂ ಬರುತ್ತದೆ.

ಮನೆಯಲ್ಲಿ ತಿಂದ ಪ್ರತಿ ತುತ್ತನ್ನೂ ಬರೆದೆ. ಒಂದು ಗೋಡಂಬಿ ಬಾಯಿಗೆ ಹಾಕಿಕೊಂಡರೂ ಬರೆದೆ. ತಿಥಿಯ ಮನೆಗಳಲ್ಲಿ ಉಂಡದ್ದನ್ನು ಮಾತ್ರ ಬರೆಯಲಿಲ್ಲ. ಮರೆವಲ್ಲ, ಕಳ್ಳತನ ಎಂದೂ ಆಗ ಅನ್ನಿಸಲಿಲ್ಲ. ಆ ಊಟ ನನ್ನದಲ್ಲ. ಇಪ್ಪತ್ತೆಂಟು ವರ್ಷ ನಾನು ಮಣೆಯ ಮೇಲೆ ಕೂತಾಗ ಉಣ್ಣುವವನು ನಾನಲ್ಲ, ಅವರ ಅಪ್ಪಯ್ಯ ಎಂದು ನಂಬಿಯೇ ಕೂತವನು. ಡಾಕ್ಟರಮ್ಮ ಹೇಳಿದ್ದು ನೀವು ತಿಂದದ್ದನ್ನು ಬರೆಯಿರಿ ಎಂದು. ಬೇರೆಯವರು ತಿಂದದ್ದನ್ನು ನಾನು ಹೇಗೆ ಬರೆಯಲಿ? ಇಂಥ ವಾದ ಹೂಡಲು ಸ್ವಲ್ಪವಾದರೂ ಶಾಸ್ತ್ರ ಓದಿರಬೇಕು. ಓದದವನಾಗಿದ್ದರೆ ನನ್ನ ಬೆರಳು ಉಳಿಯುತ್ತಿತ್ತೋ ಏನೋ.

ಮೂರು ತಿಂಗಳ ಮೇಲೆ ಹೋದಾಗ ನನ್ನ ತೂಕ ಒಂದೂಕಾಲು ಕೆಜಿ ಏರಿತ್ತು, ಸಕ್ಕರೆಯೂ ಏರಿತ್ತು. ಡಾಕ್ಟರಮ್ಮ ಮೊಬೈಲಿನ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡಿ, ಖಾಲಿ ಇದ್ದ ಮಧ್ಯಾಹ್ನಗಳನ್ನು ಉಪವಾಸವೆಂದೇ ತಿಳಿದು, ಇಷ್ಟು ಶಿಸ್ತಿನಲ್ಲಿದ್ದೂ ಹೀಗೇಕೆ ಎಂದು ತಲೆ ಕೆಡಿಸಿಕೊಂಡರು. ಥೈರಾಯ್ಡ್ ಪರೀಕ್ಷೆ ಬರೆದರು, ಮಾತ್ರೆ ಹೆಚ್ಚಿಸಿದರು. ಬಾಗಿಲ ತನಕ ಬಂದು ಹೊರಗೆ ಕೂತವರಿಗೆ, "ಇವರನ್ನು ನೋಡಿ ಕಲೀರಿ, ಒಂದು ಗೋಡಂಬಿ ತಿಂದರೂ ಬರೀತಾರೆ" ಎಂದರು. ನಾನು ಕೈ ಮುಗಿದೆ. ಅಷ್ಟರಲ್ಲಿ ಒಳಗೆ ಯಾವುದೋ ಮೂಲೆಯಲ್ಲಿ ನನಗೆ ಗೊತ್ತಾಗಿತ್ತು ಎಂದು ಇಂದು ಒಪ್ಪಿಕೊಳ್ಳುತ್ತೇನೆ. ಗೊತ್ತಾದದ್ದನ್ನು ನೋಡದೆ ಇರುವುದನ್ನು ಕಲಿತಿದ್ದೆ, ಅಷ್ಟೆ.

ಇಳಿದದ್ದು ಭಾರತಿಯ ತೂಕ. ನಾನು ಕಡಿಮೆ ತಿನ್ನುವಾಗ ತಾನು ಉಣ್ಣುವುದು ಹೇಗೆಂದು ಅವಳು ರಾತ್ರಿಯ ಊಟ ಬಿಟ್ಟಿದ್ದಳು. ಕೇಳಿದರೆ "ನಿಂಗಕ್ಕೂ ಕೂಸಿಗೂ ದೋಸೆ ಆತು, ಎನ್ನೊಬ್ಬಳಿಗಾಗಿ ಎಂತಕ್ಕೆ ಅನ್ನ ಮಾಡದು" ಎನ್ನುತ್ತಿದ್ದಳು. ಮೂರು ತಿಂಗಳಲ್ಲಿ ಆರು ಕೆಜಿ ಇಳಿದು, ಬಳೆಗಳು ಮೊಣಕೈ ತನಕ ಜಾರುತ್ತಿದ್ದವು.

ಭಾದ್ರಪದದ ಪಿತೃಪಕ್ಷ ಬಂತು. ಆ ಹದಿನೈದು ದಿನ ಬ್ರಾಹ್ಮಣಾರ್ಥದವರಿಗೆ ಬಿಡುವೇ ಇರುವುದಿಲ್ಲ. ನಾಲ್ಕನೆಯ ದಿನ ಸಂಜೆ ಮೇಧಾ ನನ್ನ ಮೊಬೈಲ್ ಹಿಡಿದು ಪಕ್ಕದಲ್ಲಿ ಕೂತಳು.

"ಅಪ್ಪಯ್ಯಾ, ನಾಲ್ಕು ದಿನಂದು ಮಧ್ಯಾಹ್ನದ್ದು ಖಾಲಿ ಇದ್ದಲಾ. ಉಂಡಿದ್ದಿಲ್ಯಾ?"

"ಇಲ್ಲೆ. ಬ್ರಾಹ್ಮಣಾರ್ಥ ಇತ್ತು."

"ಅಲ್ಲಿ ಉಂಡಿದ್ದು?"

"ಅದು ಆನು ಉಂಡಿದ್ದಲ್ಲ ಕೂಸೇ. ಅವ್ರ ಅಪ್ಪಯ್ಯ ಉಂಡಿದ್ದು."

ಅವಳು ತಮಾಷೆ ಎಂದುಕೊಂಡು ನಗಲು ಹೋದಳು. ನನ್ನ ಮುಖ ನೋಡಿ ನಿಲ್ಲಿಸಿದಳು. ಬೆರಳಿನಿಂದ ಹಿಂದಿನ ತಿಂಗಳುಗಳನ್ನೆಲ್ಲ ಸರಿಸಿ ಸರಿಸಿ ನೋಡಿದಳು. ಖಾಲಿ ಬಿಟ್ಟ ಮಧ್ಯಾಹ್ನಗಳು ಬಹಳ ಇದ್ದವು.

"ಹಂಗಾರೆ ಶುಗರ್ ಬಂದಿದ್ದೂ ಅವ್ರ ಅಪ್ಪಯ್ಯಂಗೇ ಆಗಿಕ್ಕು" ಎಂದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೊಬೈಲ್ ಕಿತ್ತುಕೊಂಡೆ. ಆ ಊಟದಿಂದಲೇ ನಿನ್ನ ಕಾಲೇಜು ನಡೆಯುವುದು ಎಂದು ಕೂಗಿದೆ. ಅವಳು ಅಳಲಿಲ್ಲ, ಎದ್ದು ಒಳಗೆ ಹೋದಳು. ಭಾರತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಆನು ರಾತ್ರಿ ಉಂಬದು ಬಿಟ್ಟಿದ್ದು ಯಾರಿಗಾಗಿ ಹಂಗಾರೆ?" ಎಂದಷ್ಟೇ ಕೇಳಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಎದುರು ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಇಷ್ಟಾದ ಮೇಲೆ ಮರ್ಯಾದಸ್ಥನಾಗಿದ್ದರೆ ಮರುದಿನದ ಮನೆಗೆ ಫೋನ್ ಮಾಡಿ, ನನಗೆ ಕಾಯಿಲೆಯಿದೆ, ಬೇರೆಯವರನ್ನು ಕರೆಯಿರಿ ಎನ್ನುತ್ತಿದ್ದೆ. ಆದರೆ ರೋಗಿಯನ್ನು ಆ ಸ್ಥಾನದಲ್ಲಿ ಕೂರಿಸಬಾರದು ಎಂಬ ಮಾತೊಂದಿದೆ. ಹಿಂದೆ ಒಬ್ಬ ಹಿರಿಯ ಭಟ್ಟರಿಗೆ ಕೈ ನಡುಗಲು ಶುರುವಾದಾಗ ಆ ಮಾತನ್ನು ಯಜಮಾನರ ಕಿವಿಗೆ ಹಾಕಿದವನು ನಾನೇ. ಅವರು ಬ್ರಾಹ್ಮಣಾರ್ಥಕ್ಕೆ ಕೂರುತ್ತಿದ್ದ ಮನೆಗಳಲ್ಲಿ ಹಲವು ನನಗೆ ಬಂದವು. ಈಗ ಅದೇ ಮಾತು ನನ್ನ ಕಡೆ ತಿರುಗುತ್ತದೆಂದು ಬಾಯಿ ಮುಚ್ಚಿಕೊಂಡೆ. ಉಣ್ಣುವಂತಿಲ್ಲ, ಬಿಡುವಂತಿಲ್ಲ. ಹಾಗಾಗಿ ಕದಿಯಲು ಶುರುಮಾಡಿದೆ. ತೊಡೆಯ ಮೇಲೆ ಶಾಲು ಹರಡಿಕೊಂಡು, ಬಡಿಸುವವರು ಆ ಕಡೆ ತಿರುಗಿದಾಗ ಒಂದು ವಡೆಯನ್ನೋ ಉಂಡೆಯನ್ನೋ ಎಡಗೈಯಿಂದ ಎತ್ತಿ ಅದರೊಳಗೆ ಸೇರಿಸುವುದು. ಎಡಗೈಯಿಂದ. ಬರುವ ದಾರಿಯಲ್ಲಿ ಯಾವುದಾದರೂ ದನಕ್ಕೆ ಹಾಕುತ್ತಿದ್ದೆ.

ಈ ನಡುವೆ ಎಡಗಾಲಿನ ಕಿರುಬೆರಳಿಗೆ ಕಲ್ಲು ತಾಗಿ ಆದ ಗಾಯ ಮಾಯದೆ ಕಪ್ಪಾಗತೊಡಗಿತ್ತು. ನೋವಿರಲಿಲ್ಲ. ನೋವಿಲ್ಲದ್ದು ದೇವರ ದಯೆ ಎಂದುಕೊಂಡು ಅರಿಶಿನ ಹಚ್ಚಿ, ಬಟ್ಟೆ ಸುತ್ತಿಕೊಂಡು ಓಡಾಡುತ್ತಿದ್ದೆ.

ಪಕ್ಷದ ಕೊನೆಯ ವಾರ ಸಿದ್ದಾಪುರ ತಾಲ್ಲೂಕಿನ ಹೇರೂರಿನಲ್ಲಿ ಒಂದು ಮನೆ. ಗಂಗಕ್ಕ ಎಂಬ ಎಪ್ಪತ್ತು ದಾಟಿದ ಹೆಂಗಸು, ಅವರ ಮಗ ಗಣಪತಿ. ಗಂಗಕ್ಕನ ಗಂಡ ಹೋಗಿ ಒಂಬತ್ತು ವರ್ಷ. ಒಂಬತ್ತು ವರ್ಷವೂ ಅವರ ಸ್ಥಾನದಲ್ಲಿ ಕೂತವನು ನಾನೇ. ಹೋಗುವ ದಾರಿಯಲ್ಲಿ ಕಾಲಿನ ಬಟ್ಟೆ ಬಿಚ್ಚಿ ಎಸೆದೆ. ಅಂಗಳದಲ್ಲಿ ಗಣಪತಿ ನನ್ನ ಕಾಲು ತೊಳೆಯಲು ಕೂತ. ಬಲಗಾಲು ತೊಳೆದ. ಎಡಗಾಲಿಗೆ ಬಂದಾಗ ಅವನ ಕೈ ಒಂದು ಕ್ಷಣ ನಿಂತಿತು. ಆಮೇಲೆ ಕಿರುಬೆರಳಿನ ಹತ್ತಿರ ಮುಟ್ಟದೆ ನೀರನ್ನಷ್ಟೇ ನಿಧಾನ ಹೊಯ್ದು, ತಲೆಗೆ ಪ್ರೋಕ್ಷಿಸಿಕೊಂಡು ಎದ್ದ. ನಾನು ಮೇಲೆ ನೋಡುತ್ತ ಮಂತ್ರ ಹೇಳಿದೆ.

ಊಟಕ್ಕೆ ಕೂತಾಗ ಗಂಗಕ್ಕ ತಾವೇ ಸುಕ್ಕಿನುಂಡೆಯ ಪಾತ್ರೆ ಹಿಡಿದು ಬಂದರು. ಅವರ ಮನೆಯ ಉಂಡೆ ಬೇರೆಯವರ ಮನೆಯದಕ್ಕಿಂತ ದೊಡ್ಡದು. ನಾಲ್ಕು ಹಾಕಿದರು. ಎರಡು ತಿಂದೆ, ಎರಡನ್ನು ಶಾಲಿಗೆ ಸೇರಿಸಿದೆ. ಎಲ್ಲ ಮುಗಿದು, ತೃಪ್ತಿಯಾಯಿತೆಂದೂ ಹೇಳಿಯಾಗಿ, ಏಳುವ ಹೊತ್ತಿಗೆ ನಾನು ಒಂದು ವಿಷಯ ಮರೆತಿದ್ದೆ. ನೂರೈದು ಕೆಜಿಯ ಮನುಷ್ಯ ನೆಲಕ್ಕೆ ಎರಡೂ ಕೈ ಊರದೆ ಮಣೆಯಿಂದ ಏಳಲಾರ. ಕೈ ಊರಿದೆ, ಶಾಲು ಜಾರಿತು. ಒಂದು ಉಂಡೆ ಅಲ್ಲೇ ಬಿತ್ತು, ಇನ್ನೊಂದು ಉರುಳುತ್ತ ಹೋಗಿ ಗಂಗಕ್ಕನ ಕಾಲ ಹತ್ತಿರ ನಿಂತಿತು.

ಯಾರೂ ನಗಲಿಲ್ಲ. ಯಾರಾದರೂ ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಗಂಗಕ್ಕ ಬಗ್ಗಿ ಅದನ್ನು ಎತ್ತಿಕೊಂಡರು.

"ಅವಕ್ಕೆ ಸೇರಿದ್ದಿಲ್ಯಾ?" ಎಂದು ಕೇಳಿದರು.

ಕೇಳಿದ್ದು ನನ್ನ ಬಗ್ಗೆಯಲ್ಲ. ನಾನು ಯಾರ ಜಾಗದಲ್ಲಿದ್ದೆನೋ ತೀರಿಕೊಂಡ ಆ ಗಂಡನ ಬಗ್ಗೆ. ನಾನು ಹೊಟ್ಟೆ ತುಂಬಿತ್ತು, ಪ್ರಸಾದವೆಂದು ಇಟ್ಟುಕೊಂಡೆ ಎಂದು ಏನೇನೋ ಬಡಬಡಿಸಿದೆ. ಅವರ ಕಿವಿಗೆ ಅದು ಹೋಗಲಿಲ್ಲ.

"ಕಡೇ ವರ್ಷ ಅವಕ್ಕೆ ಶುಗರ್ ಜಾಸ್ತಿ ಆಗಿತ್ತು ಭಟ್ರೆ. ಡಾಕ್ಟ್ರು ಬ್ಯಾಡ ಹೇಳಿದ್ರು ಹೇಳಿ ಆನು ಒಂದೂ ಕೊಟ್ಟಿದ್ನಿಲ್ಲೆ. ಮಲಗಿದಲ್ಲಿಂದ ಕೈ ಚಾಚಿ ಕೇಳಿದ್ರು. ಪಾತ್ರೆ ಮುಚ್ಚಿಟ್ಟಿ. ಅದಕ್ಕೇ ತಿಥಿಗೆ ದೊಡ್ಡಕ್ಕೆ ಕಟ್ತೆ."

ಅಷ್ಟು ಹೇಳಿ ಒಳಗೆ ಹೋಗಿ ಬೇರೆ ಎರಡು ಉಂಡೆ ತಂದು ನನ್ನ ಕೈಯಲ್ಲಿಟ್ಟರು. ನಾನು ಆಗಲಾದರೂ ಬಾಯಿ ಬಿಡಬೇಕಿತ್ತು. ಗಂಗಕ್ಕಾ, ನನಗೂ ಅದೇ ಕಾಯಿಲೆ, ನೀವು ಕೊಡದಿದ್ದದ್ದು ಸರಿ ಎನ್ನಬೇಕಿತ್ತು. ಅವರಿಗೆ ಒಂಬತ್ತು ವರ್ಷದಿಂದ ಬೇಕಾಗಿದ್ದ ಮಾತು ಅದೊಂದೇ, ಅದು ನನ್ನ ಹತ್ತಿರ ಇತ್ತು. ನಾನು ಗೋಡೆ ಹಿಡಿದು ನಿಂತುಕೊಂಡೇ ಎರಡೂ ಉಂಡೆ ತಿಂದೆ. ನನ್ನ ಬದುಕಿನಲ್ಲಿ ಅಷ್ಟು ಸಿಹಿಯಾದದ್ದನ್ನು ಅಷ್ಟು ಕಷ್ಟದಿಂದ ನುಂಗಿದ್ದಿಲ್ಲ.

ಹೊರಗೆ ಬಂದಾಗ ಗಣಪತಿ ಕಾರಿನ ಬಾಗಿಲು ತೆಗೆದು ನಿಂತಿದ್ದ.

"ಸ್ಕೂಟರ್ ಇಲ್ಲೇ ಇರ್ಲಿ. ಹತ್ತಿ."

"ಮನೆಗೆ ಆನೇ ಹೋಗ್ತೆ ಮಾರಾಯ."

"ಮನೆಗಲ್ಲ. ಕಾಲು ತೊಳೆಯಕಾದ್ರೆ ನೋಡಿದ್ದಿ." ದಾರಿಯಲ್ಲಿ ಮತ್ತೆ ಅಂದ, "ಆನೂ ಆಗ್ಲೇ ಹೇಳವಾಗಿತ್ತು. ಆ ಹೊತ್ತಿಗೆ ಬೇರೆ ಜನ ಎಲ್ಲಿ ಸಿಗ್ತ ಹೇಳಿ ಸುಮ್ನಾದೆ. ತಪ್ಪಾತು."

ಅವನು ನನ್ನ ಕ್ಷಮೆ ಕೇಳುತ್ತಿದ್ದ. ನಾನು "ಅಡ್ಡಿಲ್ಲೆ" ಎಂದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೆರಳನ್ನು ನೋಡುತ್ತಿದ್ದಾಗ, "ಮೊಬೈಲಿನ ಪಟ್ಟಿ ಸುಳ್ಳು" ಎಂದು ಹೇಳಿಬಿಟ್ಟೆ. ತಿಥಿ, ಫಲಾಹಾರ, ಶಾಲು ಎಲ್ಲವನ್ನೂ ಹೇಳಿದೆ. ಅವರು ಬೆರಳಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದರು. "ನಿಮ್ಮ ಪಟ್ಟಿ ನಂಬಿ ನಾನು ಮಾತ್ರೆ ಏರಿಸ್ತಾ ಹೋದೆ. ತಿಥಿ ಇಲ್ಲದ ದಿನ ಸಕ್ಕರೆ ಇಳಿದು ದಾರಿಯಲ್ಲಿ ಬಿದ್ದಿದ್ರೆ ಏನು ಮಾಡ್ತಿದ್ರಿ?" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಎರಡು ದಿನದ ಮೇಲೆ ಬೆರಳು ತೆಗೆದರು. ಹನ್ನೆರಡು ದಿನ ಅಲ್ಲೇ ಇದ್ದೆ. ಬನವಾಸಿಯ ನರ್ಸು ಬೆಳಿಗ್ಗೆ ತೂಕ ನೋಡಿ, ಅಂಕಿಯನ್ನು ಕೂಗದೆ ಕಾಗದದ ತುಂಡಿನಲ್ಲಿ ಬರೆದು ನನಗೆ ತೋರಿಸಿ ಹೋಗುತ್ತಿದ್ದಳು. ಮೇಧಾ ಕಾಲೇಜು ಮುಗಿಸಿ ಬಂದು ಹಾಸಿಗೆಯ ಪಕ್ಕ ಕೂತು, ಆ್ಯಪಿಗೆ ಸುಕ್ಕಿನುಂಡೆ, ವಡೆ, ಎಳ್ಳುಂಡೆಗಳನ್ನು ಒಂದೊಂದಾಗಿ ಸೇರಿಸಿದಳು. ಒಂದು ತಿಥಿಯ ಊಟದ ಮೊತ್ತ ತೋರಿಸಿದಳು. ನನಗೆ ಎರಡು ದಿನಕ್ಕೆ ಹೇಳಿದ್ದಕ್ಕಿಂತ ಹೆಚ್ಚಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಉಂಡದ್ದನ್ನೇ ಉಣ್ಣಬೇಕಾಗಿ ಬಂತು.

ಈಗ ತಟ್ಟೆಯಲ್ಲಿ ಅರ್ಧ ಪಲ್ಯ, ಕೋಸಂಬರಿ, ಒಂದು ಸೌಟು ಅನ್ನ, ಬೇಳೆ, ತಂಬುಳಿ. ಭಾರತಿ ರಾತ್ರಿ ನನ್ನ ಎದುರು ಕೂತು ಉಣ್ಣುತ್ತಾಳೆ, ಉಂಡಳೆಂದು ನಾನು ನೋಡಿಯೇ ಏಳುತ್ತೇನೆ. ತೂಕ ತೊಂಬತ್ತೊಂದು. ಅವಲಕ್ಕಿಯನ್ನೂ ಊಟದ ಲೆಕ್ಕಕ್ಕೆ ಸೇರಿಸಿದ್ದೇನೆ. ಬ್ರಾಹ್ಮಣಾರ್ಥ ನಿಂತಿತು, ಬೆರಳು ಇಲ್ಲದವನು ಆ ಸ್ಥಾನದಲ್ಲಿ ಕೂರುವಂತಿಲ್ಲ. ಪೂಜೆ ಮಾಡಿಸಿ, ಪಾಠ ಹೇಳಿಕೊಂಡು ಇದ್ದೇನೆ. ಕೆಲವು ದಿನ ಮಧ್ಯಾಹ್ನದ ಹೊತ್ತಿಗೆ ಬಾಯಲ್ಲಿ ನೀರು ಬರುವುದು ಇನ್ನೂ ನಿಂತಿಲ್ಲ, ಅದನ್ನು ಮುಚ್ಚಿಡುವ ಅಗತ್ಯವೂ ಈಗ ಇಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ದಿನ ಗಣಪತಿ ತನ್ನ ತಾಯಿಯನ್ನು ಕರೆದುಕೊಂಡು ಬಂದ. ಗಂಗಕ್ಕ ಕುರ್ಚಿ ಬೇಡವೆಂದು ನನ್ನ ಕಾಲಿನ ಹತ್ತಿರ ನೆಲದ ಮೇಲೆ ಕೂತರು. ಕಟ್ಟಿದ ಬಟ್ಟೆಯನ್ನು ನೋಡಿದರು.

"ನಿಂಗಕ್ಕೂ ಅದೇ ಶುಗರ್ ಅಡಾ" ಎಂದರು.

"ಹೌದು" ಎಂದೆ.

ಬಟ್ಟೆಯ ಅಂಚನ್ನು ಬೆರಳಿನಿಂದ ಸರಿಮಾಡಿದರು. ಆಮೇಲೆ, "ಆನು ಅವಕ್ಕೆ ಉಂಡೆ ಕೊಡದಿದ್ದು ಪಾಪ ಹೇಳೇ ಇಷ್ಟು ವರ್ಷ ಅಂದ್ಕಂಡಿದ್ದಿ. ಈ ಕಾಲು ನೋಡಿದ ಮೇಲೆ ಪಾಪ ಅಲ್ಲ ಹೇಳಿ ಅನ್ಸ್ತು" ಎಂದರು. ಕಣ್ಣೊರೆಸಿಕೊಂಡರು. ಅದು ಸಮಾಧಾನದ ಕಣ್ಣೀರು ಎಂದು ನೋಡಿದವರಿಗೆ ಗೊತ್ತಾಗುತ್ತಿತ್ತು. ನಾನು ತಲೆಯೆತ್ತಲಿಲ್ಲ. ಮಾತಿನಿಂದ ಕೊಡಬಹುದಾಗಿದ್ದ ಸಮಾಧಾನವನ್ನು ಬೆರಳು ಕಳೆದುಕೊಂಡು ಕೊಟ್ಟಿದ್ದೆ, ಅದೂ ಬೇಕೆಂದು ಕೊಟ್ಟದ್ದಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಅವರು ಹೇಳಿದರು, "ಬಪ್ಪ ವರ್ಷ ಬೇರೆ ಯಾರನ್ನಾದ್ರೂ ಕೂರ್ಸ್ತ್ಯ ಭಟ್ರೆ. ಕೂರ್ಸಕಾದ್ರೆ ಮೊದ್ಲೇ ಕೇಳ್ತೆ, ಶುಗರ್ ಇದ್ದಾ ಹೇಳಿ. ನಿಂಗಳ ಹತ್ರ ಎಂಗ ಯಾರೂ ಕೇಳಿದ್ದೇ ಇಲ್ಲೆ."

ನಿಜ, ನನ್ನನ್ನು ಯಾವ ಮನೆಯವರೂ ಕೇಳಿರಲಿಲ್ಲ. ಆ ದೂರನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡು ಸಮಾಧಾನಪಟ್ಟಿದ್ದೆ. ಗಂಗಕ್ಕ ಅದನ್ನು ತಮ್ಮ ತಪ್ಪೆಂಬಂತೆ ಹೇಳಿ ಮೆಟ್ಟಿಲಿಳಿದು ಹೋದರು. ಅವರು ಕೇಳಿದ್ದರೆ ನಾನು ಇಲ್ಲ ಎನ್ನುತ್ತಿದ್ದೆ.